ಕುಡಿತ ಕಾಯಿಲೆ, ಹೊಡೆತ ಕಾಯಿಲೆಯಲ್ಲ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಸಭೆಯಲ್ಲಿ ಸಾಲ, ಉಳಿತಾಯದ ಲೆಕ್ಕ ಮುಗಿದ ಮೇಲೆ ಯಾರಾದರೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುವ ಮಾತೊಂದಿದೆ: "ಕುಡ್ದಾಗಷ್ಟೇ ಹೊಡಿತಾನ್ರೀ ಅಕ್ಕಾರ, ಇಲ್ಲಂದ್ರ ಬಂಗಾರದಂಥ ಮನಷ್ಯಾ." ಈ ಮಾತನ್ನು ನಿಮ್ಮ ಮೂರೂ ತಾಲೂಕುಗಳಲ್ಲಿ ಕೇಳಿದ್ದೇನೆ. ನಮ್ಮ ಮನೆಯಲ್ಲೇ, ನನ್ನ ತಮ್ಮನ ಹೆಂಡತಿಯ ಬಾಯಿಂದಲೂ ಕೇಳಿದ್ದೇನೆ. ಇವತ್ತು ಈ ಮಾತನ್ನೇ ಬಿಡಿಸಿ ನೋಡೋಣ.

ಮೊದಲು ನನ್ನ ತಪ್ಪು ಹೇಳಿಕೊಳ್ಳುತ್ತೇನೆ. ನನ್ನ ತಮ್ಮ ಇಪ್ಪತ್ತೈದರ ವಯಸ್ಸಿಗೇ ದಿನಾ ಕುಡಿಯುತ್ತಿದ್ದ. "ಮದುವಿ ಮಾಡಿದ್ರ ಸರಿ ಹೋಗ್ತಾನ" ಎಂದರು ಹಿರಿಯರು. ಹೆಣ್ಣು ನೋಡಲು ಹೋದವರಲ್ಲಿ ನಾನೂ ಇದ್ದೆ. ಆಗಲೇ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹುಡುಗಿಯ ತಂದೆ ನನ್ನ ಮುಖ ನೋಡಿ, "ಹುಡುಗನಿಗೆ ಚಟ ಏನೂ ಇಲ್ಲಲ್ಲ, ಬಾಯಿಯವರೇ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. ಓದಿದವಳು ಸುಮ್ಮನಿದ್ದಾಳೆಂದರೆ ಚಟವಿಲ್ಲವೆಂದೇ ಅವರು ತಿಳಿದರು. ಐದು ತೊಲೆ ಬಂಗಾರ, ಮೇಲೆ ನಗದು ಕೊಟ್ಟು ಮಗಳನ್ನು ಕಳಿಸಿದರು. ಆ ಬಂಗಾರ ಒಂದೊಂದಾಗಿ ಸೆರೆಯ ಅಂಗಡಿ ಸೇರಿತು. ಮುಗಿದ ಮೇಲೆ, ತವರಿನಿಂದ ಇನ್ನಷ್ಟು ತಾ ಎಂದು ಹೊಡೆತ ಶುರುವಾಯಿತು. ವರದಕ್ಷಿಣೆ ಬೇರೆ, ಕುಡಿತ ಬೇರೆ ಎನ್ನುವವರಿಗೆ ನಮ್ಮ ಮನೆಯ ಕಥೆ ಸಾಕು.

ಕುಡಿತ ಕಾಯಿಲೆ ಎನ್ನುವುದು ಏಕೆ? ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ದಿನವೂ ಕುಡಿದರೆ ಮೆದುಳು ಆ ಮಂಕನ್ನು ಎದುರಿಸಲು ಅತಿಯಾಗಿ ಚುರುಕಾಗುತ್ತದೆ. ಆಗ ಮೊದಲಿನಷ್ಟೇ ಅಮಲೇರಲು ಹೆಚ್ಚು ಹೆಚ್ಚು ಕುಡಿಯಬೇಕಾಗುತ್ತದೆ. ಒಂದು ದಿನ ಸಿಗದಿದ್ದರೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಾಟಲಿ ಹುಡುಕುವವನಿಗೆ ಮೋಜು ಎಂದೋ ಮುಗಿದಿರುತ್ತದೆ. ಅವನು ಆ ನಡುಕ ತಡೆಯಲು ಕುಡಿಯುತ್ತಾನೆ. ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆ ಮೂರು ದಿನ ನಿಲ್ಲದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಇದು ಗೊತ್ತಿಲ್ಲದೆ ನಾವು ಇನ್ನೊಂದು ತಪ್ಪು ಮಾಡಿದೆವು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಇದೇ ಸರಿಯಾದ ಸಮಯವೆಂದು ತಮ್ಮನನ್ನು ಕೋಣೆಯಲ್ಲಿ ಕೂಡಿಹಾಕಿದೆವು. ಎರಡನೆಯ ದಿನ ಫಿಟ್ಸ್ ಬಂತು. ಮೂರನೆಯ ದಿನ ಗೋಡೆಯ ಮೇಲೆ ಹಾವು ಹರಿದಾಡುತ್ತಿವೆ ಎಂದು ಕಿರುಚತೊಡಗಿದ. ದೆವ್ವ ಬಡಿದಿದೆ, ಗಾಣಗಾಪುರಕ್ಕೆ ಒಯ್ಯೋಣ ಎಂದರು ಮನೆಯವರು. ಅವನ ಹೆಂಡತಿ ಒಬ್ಬಳೇ ಹಟ ಹಿಡಿದು, ಜೀಪು ತರಿಸಿ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದಳು. ಜೀವ ಉಳಿದದ್ದು ಅವಳಿಂದ. ದತ್ತಾತ್ರೇಯನಿಗೆ ನಡೆದುಕೊಳ್ಳುವವರು ನಡೆದುಕೊಳ್ಳಿ, ಭೀಮಾ-ಅಮರ್ಜಾ ಸಂಗಮದಲ್ಲಿ ಸ್ನಾನ ಮಾಡಿ. ಆದರೆ ಮೊದಲು ಆಸ್ಪತ್ರೆ, ಆಮೇಲೆ ದೇವರು.

ಆದ್ದರಿಂದ ನೆನಪಿಡಿ. ಬಹಳ ಕಾಲದಿಂದ ದಿನವೂ ಕುಡಿಯುವವನನ್ನು ಮನೆಯಲ್ಲಿ ಕಟ್ಟಿಹಾಕಿ ಬಿಡಿಸಬಾರದು. ಕ್ಲೋರಲ್ ಹೈಡ್ರೇಟ್, ಅಂದರೆ ಸಿ.ಎಚ್. ಪುಡಿ ಬೆರೆಸಿದ ಸಿಂದಿ ಕುಡಿಯುವವರಿಗೂ ಇದೇ ಅಪಾಯವಿದೆ. ಡಾಕ್ಟರು ನಡುಕ ತಡೆಯುವ ಔಷಧಿಯನ್ನು ಕೆಲವು ದಿನ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಬಿ-1 ವಿಟಮಿನ್ನಿನ ಇಂಜೆಕ್ಷನ್ ಕೊಡುತ್ತಾರೆ. ಇನ್ನು "ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಎಂದು ಮಾರುವ ಪುಡಿಗಳನ್ನು ಕೊಳ್ಳಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ. ಅದನ್ನು ನುಂಗಿದವನು ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ಡಾಕ್ಟರೇ ಕೊಡಬೇಕಾದ ಔಷಧಿ ಅದು.

ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳ ಬಗ್ಗೆ ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಯಾವುದೇ ಶಿಬಿರಕ್ಕೆ ಹೋಗಲಿ, ನಡುಕವಿರುವವನನ್ನು ಮೊದಲು ಡಾಕ್ಟರಿಗೆ ತೋರಿಸಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ಈಗ ನಮ್ಮ ದೇಶದಲ್ಲೂ ಇದೆ. ಬಿಟ್ಟವರು ಬಿಡುವವರ ಕೈ ಹಿಡಿಯುವುದು ಅದರ ಕ್ರಮ. ಬಿಟ್ಟವನು ಮತ್ತೆ ಜಾರಬಹುದು. ಜಾರಿದರೆ ಎಲ್ಲ ಮುಗಿಯಿತೆಂದು ಕೈಬಿಡದೆ ಮತ್ತೆ ಡಾಕ್ಟರ ಬಳಿ ಕಳಿಸಬೇಕು.

ಇಷ್ಟು ಕಾಯಿಲೆಯ ಮಾತು. ಈಗ ಹೊಡೆತದ ಮಾತಿಗೆ ಬರುತ್ತೇನೆ.

ಆಸ್ಪತ್ರೆಯಿಂದ ಬಂದ ತಮ್ಮ ಎಂಟು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಮನೆಯವರೆಲ್ಲ ಹಿಗ್ಗಿದೆವು. ಒಂದು ರಾತ್ರಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯನ್ನು ತಾಟಿನಿಂದ ಹೊಡೆದ. ಹಣೆ ಒಡೆಯಿತು. ನಾನು ಹೋದಾಗ ಅವಳು ಕೇಳಿದ್ದು ಒಂದೇ ಮಾತು: "ಇವತ್ತ ಕುಡಿದಿರ್ಲಿಲ್ಲ ಅಕ್ಕಾ. ಈಗ ಯಾರ ಮ್ಯಾಲ ಹಾಕ್ತೀರಿ?"

ಕುಡಿದವನು ಅಂಗಡಿಯವನನ್ನು ಹೊಡೆಯುವುದಿಲ್ಲ, ಪೊಲೀಸನನ್ನು ಹೊಡೆಯುವುದಿಲ್ಲ. ಅಷ್ಟು ದೂರ ತೂರಾಡುತ್ತ ಬಂದು ಹೆಂಡತಿಯನ್ನೇ ಹೊಡೆಯುತ್ತಾನೆ. ಯಾರನ್ನು ಹೊಡೆದರೆ ಕೇಳುವವರಿಲ್ಲ ಎಂಬುದು ಅಮಲಿನಲ್ಲೂ ಅವನಿಗೆ ಗೊತ್ತು. ಕುಡಿತ ಹೊಡೆತವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಹೆಂಡತಿಯನ್ನು ಹೊಡೆಯಬಹುದೆಂಬ ಪಾಠವನ್ನು ಅವನು ಬಾಟಲಿಯಿಂದ ಕಲಿತಿಲ್ಲ, ನಮ್ಮಂಥ ಮನೆಗಳಿಂದ ಕಲಿತಿದ್ದಾನೆ.

ಅಂದು ಅವಳ ಜೊತೆ ನಾನು ಹೋದೆ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯಿದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತ್ತು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳ ಮೇಲಧಿಕಾರಿಯೇ ಅದರ ರಕ್ಷಣಾಧಿಕಾರಿ. ಅಲ್ಲಿ ಅರ್ಜಿ ಕೊಟ್ಟೆವು. ತಮ್ಮನ ವಿರುದ್ಧ ನಾನು ಸಾಕ್ಷಿ ಹೇಳಿದೆ. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು ಎಂದು ಕೋರ್ಟು ಆದೇಶ ಕೊಟ್ಟಿತು. ಆಮೇಲೆ ತಮ್ಮ ಮತ್ತೆ ಜಾರಿದ, ಕುಡಿದ. ಆದರೆ ಕೈ ಎತ್ತಲಿಲ್ಲ. ಎತ್ತಿದರೆ ಜೈಲು ಎಂಬುದು ಕುಡಿದಾಗಲೂ ನೆನಪಿತ್ತು. ಕುಡಿತ ಪೂರ್ತಿ ಬಿಟ್ಟದ್ದು ಇನ್ನೆರಡು ವರ್ಷದ ಚಿಕಿತ್ಸೆಯ ನಂತರ.

ಕುಡಿತವೂ ಹೊಡೆತವೂ ಬೇರೆ ಬೇರೆ ದಿನ, ಬೇರೆ ಬೇರೆ ದಾರಿಯಿಂದ ನಿಂತವು. ಅದಕ್ಕೇ ಹೇಳುತ್ತೇನೆ, ಕಾಯಿಲೆಗೆ ಔಷಧಿ ಕೊಡಿಸಿ, ಹೊಡೆತಕ್ಕೆ ಕಾನೂನು ತೋರಿಸಿ. "ಕುಡಿತ ಬಿಡಲಿ, ಆಮೇಲೆ ನೋಡೋಣ" ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಹೆಣ ಬೀಳುತ್ತದೆ.

ಸಂಘ ಏನು ಮಾಡಬಹುದು? ಸದಸ್ಯೆಯ ಸಾಲದ ಹಣ ಅವಳ ಕೈಗೇ ಸೇರಬೇಕು. ಪಾಸ್‌ಬುಕ್ಕು, ರೇಷನ್ ಕಾರ್ಡು, ಮಕ್ಕಳ ಕಾಗದಪತ್ರಗಳನ್ನು ನಂಬಿಕೆಯ ಮನೆಯಲ್ಲಿಡಿ. ರಾತ್ರಿ ಓಡಿಬಂದವಳಿಗೆ ಯಾವ ಮನೆಯ ಬಾಗಿಲು ತೆರೆದಿರುತ್ತದೆ ಎಂದು ಮೊದಲೇ ಗೊತ್ತು ಮಾಡಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181. ಹೆಣ್ಣಿಗೆ ವಕೀಲರನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಒಬ್ಬಳನ್ನೇ ಕಳಿಸಬೇಡಿ, ನಾಲ್ಕು ಜನ ಜೊತೆಗೆ ಹೋಗಿ.

ಸಾರಾಯಿ ಹೋಯಿತು, ಅದರ ಜಾಗದಲ್ಲಿ ಅಗ್ಗದ ವಿಸ್ಕಿ ಹಳ್ಳಿಯ ಪಾನ್ ಅಂಗಡಿಗೂ ಬಂತು. 2019ರ ಜನವರಿಯಲ್ಲಿ ಇದರ ವಿರುದ್ಧ ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಆ ಹೋರಾಟ ಮುಂದುವರಿಯಲಿ.

ಕೊನೆಯದಾಗಿ ಒಂದು ಮಾತು. ನಾಳೆ ನಿಮ್ಮ ಮನೆಯ ಗಂಡಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿಯ ತಂದೆಯೋ ತಾಯಿಯೋ ನಿಮ್ಮ ಮುಖ ನೋಡಿ ಚಟದ ವಿಷಯ ಕೇಳಿದರೆ, ನನ್ನ ಹಾಗೆ ಸುಮ್ಮನಿರಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ.