ಐಸಿಯು ನೆರವು: ಮೊದಲ ಹಣ ಯಾವುದಕ್ಕೆ?

(ಭವಾನಿಪುರಂನಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತಾ ನಿವೃತ್ತನಾದವನು. ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಐಸಿಯು ಅರ್ಜಿಗಳಲ್ಲಿ ‘ಸೆಪ್ಸಿಸ್’, ‘ಸೆಪ್ಟಿಕ್ ಶಾಕ್’ ಎಂದು ಬರೆದಿರುತ್ತದೆ. ಈ ಶಾಕ್ ಎಂದರೆ ಕರೆಂಟ್ ಶಾಕ್ ಅಲ್ಲ. ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ, ಮೂತ್ರಪಿಂಡ, ಶ್ವಾಸಕೋಶದಂಥ ಅಂಗಗಳು ಕೆಡತೊಡಗಿದರೆ ಅದು ಸೆಪ್ಸಿಸ್. ರಕ್ತದೊತ್ತಡ ಕುಸಿದು, ಡ್ರಿಪ್ ಕೊಟ್ಟರೂ ಏರದಿದ್ದರೆ ಶಾಕ್. 2017ರಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಸಾವುಗಳಿಗೆ ಸೆಪ್ಸಿಸ್ ನಂಟಿತ್ತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ಇಂಥ ಹೊತ್ತಿನಲ್ಲಿ ದುಬಾರಿ ಇಂಜೆಕ್ಷನ್ ಒಂದರ ಹೆಸರು ಕೇಳಿದರೆ ಮನೆಯವರು ಒಡವೆ ಅಡವಿಡಲೂ ಸಿದ್ಧರಾಗುತ್ತಾರೆ. ಅದಕ್ಕೇ ಒಂದು ಹಳೆಯ ಲೆಕ್ಕ ಹೇಳುತ್ತೇನೆ. 2001ರಲ್ಲಿ ‘ಕ್ಸೈಗ್ರಿಸ್’ ಎಂಬ ಔಷಧಿಯನ್ನು 1,690 ಸೆಪ್ಸಿಸ್ ರೋಗಿಗಳಲ್ಲಿ ಪರೀಕ್ಷಿಸಿದ ವರದಿ ಬಂತು. ಔಷಧಿ ಪಡೆಯದವರಲ್ಲಿ ಶೇ. 30.8, ಪಡೆದವರಲ್ಲಿ ಶೇ. 24.7 ಮಂದಿ ತೀರಿಕೊಂಡಿದ್ದರು. ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಬ್ಬ ರೋಗಿಗೆ ಸಾವಿರಾರು ಡಾಲರ್ ಬೆಲೆ. ಮುಂದೆ ಶಾಕ್‌ನಲ್ಲಿದ್ದ ಸುಮಾರು 1,700 ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಔಷಧಿ ಪಡೆದವರಲ್ಲಿ ಸಾವು ಶೇ. 26.4, ಪಡೆಯದವರಲ್ಲಿ ಶೇ. 24.2. 2011ರ ಅಕ್ಟೋಬರ್‌ನಲ್ಲಿ ಕಂಪನಿಯೇ ಔಷಧಿಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಬ್ಯಾಂಕಿನಲ್ಲಿ ಒಂದೇ ವರ್ಷದ ಲಾಭ ನೋಡಿ ನಾವು ದೊಡ್ಡ ಸಾಲ ಕೊಡುತ್ತಿರಲಿಲ್ಲ. ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕೇಳುತ್ತಿದ್ದೆವು. ಔಷಧಿಗೂ ಇದೇ ನ್ಯಾಯ.

ಹಾಗಾದರೆ ಗಟ್ಟಿಯಾಗಿ ನಿಂತಿರುವುದು ಯಾವುದು? 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಸೆಪ್ಟಿಕ್ ಶಾಕ್ ಇರಬಹುದೆಂದು ಕಂಡರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡಬೇಕು. ಸೆಪ್ಸಿಸ್ ಇದೆ ಅಥವಾ ಇಲ್ಲ ಎಂದು ಒಂದೇ ಏಟಿಗೆ ಹೇಳುವ ರಕ್ತಪರೀಕ್ಷೆ ಇಲ್ಲ. ಬ್ಲಡ್ ಕಲ್ಚರ್ ವರದಿಗೆ ದಿನಗಳೇ ಬೇಕು; ಅಲ್ಲಿಯವರೆಗೆ ಔಷಧಿ ಕಾಯುವಂತಿಲ್ಲ. ವೈದ್ಯರು ಉಸಿರಾಟ, ಎಚ್ಚರ, ಮೂತ್ರದ ಪ್ರಮಾಣ, ರಕ್ತದೊತ್ತಡ, ಲ್ಯಾಕ್ಟೇಟ್ ಎಲ್ಲವನ್ನೂ ಕೂಡಿಸಿ ನಿರ್ಧರಿಸುತ್ತಾರೆ. ಆದ್ದರಿಂದ ಜ್ವರದ ರೋಗಿ ತಡವರಿಸಿ ಮಾತಾಡಿದರೆ, ಏದುಸಿರು ಬಿಟ್ಟರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

ರೇಷನ್ ಕಾರ್ಡ್ ಇನ್ನೂ ಕರ್ನಾಟಕದ ಊರಿನಲ್ಲೇ ಇರುವ ನಮ್ಮ ಹೋಟೆಲ್ ಕೆಲಸಗಾರರಿಗೆ ಆಂಧ್ರದ ಎನ್‌ಟಿಆರ್ ವೈದ್ಯ ಸೇವೆ ಸಿಗುವುದು ಕಷ್ಟ. ಆ ರಾತ್ರಿ ಅವರ ಕೈಯಲ್ಲಿ ಅಡ್ವಾನ್ಸ್ ಕಟ್ಟುವಷ್ಟು ಹಣವಿರಬೇಕು. ಆದ್ದರಿಂದ ಸಮಿತಿಯ ಮುಂದೆ ನನ್ನ ಸಲಹೆ ಎರಡು. ಪರೀಕ್ಷೆ ಮತ್ತು ಆಂಟಿಬಯೋಟಿಕ್‌ಗೆ ಬೇಕಾದ ಮೊದಲ ಕಂತನ್ನು ಸಭೆಗೆ ಕಾಯದೆ ಅಂದೇ ಕೊಡೋಣ. ದುಬಾರಿ ಇಂಜೆಕ್ಷನ್ನಿನ ಅರ್ಜಿ ಬಂದರೆ, ‘ಇದರಿಂದ ಜೀವ ಉಳಿದದ್ದು ಒಂದಕ್ಕಿಂತ ಹೆಚ್ಚು ದೊಡ್ಡ ಪರೀಕ್ಷೆಗಳಲ್ಲಿ ಕಂಡಿದೆಯೇ?’ ಎಂದು ವೈದ್ಯರನ್ನು ವಿನಯದಿಂದ ಕೇಳೋಣ.

ನಿಧಿಯಲ್ಲಿ ಹಣವಿದ್ದರೆ ಮಾತ್ರ ಮೊದಲ ಕಂತು ಅಂದೇ ತಲುಪೀತು. ದಯವಿಟ್ಟು ನಿಮ್ಮ ಕೈಲಾದಷ್ಟು ಕೊಡಿ.