ಎರಡನೆಯ ಪಾಳಿ

ಘಾಜಿಯಾಬಾದ್‌ನ ಸಾಹಿಬಾಬಾದ್ ಕಾರ್ಖಾನೆಗಳ ಊರು. ಅಲ್ಲಿ ದುಡಿಯುವವರ ಮೂತ್ರಪಿಂಡ ಸೋತರೆ ಇನ್ನೊಂದು ಪಾಳಿ ಶುರುವಾಗುತ್ತದೆ: ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲವೂ ಸುಮಾರು 4 ಗಂಟೆ ಡಯಾಲಿಸಿಸ್. ಹೋಗಿಬರುವ ಹೊತ್ತು, ಆಮೇಲಿನ ಸುಸ್ತು ಬೇರೆ. ಆ ದಿನ ದಿನಗೂಲಿಯವನಿಗೆ ಕೂಲಿಯಿಲ್ಲ. ಜೊತೆಗೆ ಬಂದ ಹೆಂಡತಿಗೂ ಇಲ್ಲ. 2016ರಲ್ಲಿ ಕೇಂದ್ರ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಈ ಸೇವೆಯನ್ನು ಉಚಿತ ಮಾಡಿತು. ಒಳ್ಳೆಯದೇ. ಆದರೆ ಕಳೆದುಹೋದ ಕೂಲಿಯನ್ನು ಯಂತ್ರ ತುಂಬಿಕೊಡುವುದಿಲ್ಲ.

ಅದನ್ನು ಒಂದಿಷ್ಟಾದರೂ ತುಂಬುವುದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ದೀರ್ಘಕಾಲದ ಮೂತ್ರಪಿಂಡ ವೈಫಲ್ಯ ಅದರ 34 ದೀರ್ಘರೋಗಗಳ ಪಟ್ಟಿಯಲ್ಲಿದೆ. ಎರಡು ವರ್ಷ ಕೆಲಸದಲ್ಲಿದ್ದು, ಅಗತ್ಯವಾದಷ್ಟು ವಂತಿಗೆ ಕಟ್ಟಿದ್ದರೆ, ಕೂಲಿಯ ಶೇ. 80ರಷ್ಟು ಗರಿಷ್ಠ ಎರಡು ವರ್ಷ ಸಿಗಬಹುದು. ಸಾಹಿಬಾಬಾದ್‌ನಲ್ಲೇ ಇಎಸ್‌ಐ ಆಸ್ಪತ್ರೆಯಿದೆ. ಗುತ್ತಿಗೆದಾರ ಹೆಸರನ್ನೇ ನೋಂದಾಯಿಸದಿದ್ದರೆ? ಆಗ ಇದೆಲ್ಲ ಕಾಗದದ ಮೇಲಿನ ಮಾತು.

ಕಸಿಗೆಂದು ಮೂತ್ರಪಿಂಡ ಕೊಡುವವರ ಕಥೆಯೂ ಇದೇ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ತಾಯಿ, ಹೆಂಡತಿಯೇ ಮುಂದೆ ಬರುತ್ತಾರೆ. ಅವರ ದುಡಿಮೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅಂಗದಾನ ಮಾಡಿದ ತನ್ನ ನೌಕರರಿಗೆ ಕೇಂದ್ರ ಸರ್ಕಾರ 2023ರಲ್ಲಿ 42 ದಿನಗಳವರೆಗೆ ವಿಶೇಷ ರಜೆ ಕೊಟ್ಟಿತು. ಹೊಲಿಗೆ ಯಂತ್ರದ ಮುಂದೆ ಕೂತ ತಾಯಿಗೆ ಆ ರಜೆಯಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನೀವು ಮೇಲ್ವಿಚಾರಕರೋ ಮಾಲೀಕರೋ ಆಗಿದ್ದರೆ, ಡಯಾಲಿಸಿಸ್‌ಗೆ ಹೋಗುವವರ ಪಾಳಿಯನ್ನು ಅವರ ಚಿಕಿತ್ಸೆಯ ದಿನಕ್ಕೆ ಹೊಂದಿಸಿಕೊಡಿ. ನೌಕರರಾಗಿದ್ದರೆ, ನಿಮ್ಮ ಇಎಸ್‌ಐ ವಂತಿಗೆ ಜಮೆಯಾಗುತ್ತಿದೆಯೇ ಎಂದು ಇಂದೇ ವಿಚಾರಿಸಿ.