ದುಡಿಯುವ ಕೈಗೊಂದು ಆಸರೆ

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರ ಮಣಿಕಟ್ಟು ಸಂಜೆಯ ಹೊತ್ತಿಗೆ ನೋಯುವುದು ಈಗ ಮನೆಮನೆಯ ಮಾತು. ಆ ಕೈಗೆ ಆಸರೆಯಾಗಿ ಒದಗಿದ್ದು ಪುಟ್ಟ ವೈರ್‌ಲೆಸ್ ಮೌಸ್.

ಅದನ್ನೊಮ್ಮೆ ಮಗುಚಿ ನೋಡಿ. ಒಳಗೊಂದು ಪೆನ್ಸಿಲ್ ಸೆಲ್, ಉಗುರಿನಷ್ಟು ರಿಸೀವರ್ ಇಡಲು ಪುಟ್ಟ ಗೂಡು, ತಳದಲ್ಲಿ ಸಣ್ಣ ದೀಪ. ಆ ಬೆಳಕಿನಲ್ಲಿ ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಮೇಜಿನ ಚಿತ್ರ ತೆಗೆದು, ಒಂದಕ್ಕೊಂದು ಹೋಲಿಸಿ, ಕೈ ಎತ್ತ ಸರಿಯಿತೆಂದು ತಿಳಿಯುತ್ತದೆ. ಹೋಲಿಸಲು ಗುರುತುಗಳೇ ಸಿಗದ ನುಣುಪಾದ ಗಾಜಿನ ಮೇಲೆ ಅದು ತಡವರಿಸುವುದು ಅದಕ್ಕೇ.

ಮೌಸ್ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆ. 1964ರಲ್ಲಿ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಮರದ ಪೆಟ್ಟಿಗೆಗೆ ಎರಡು ಚಕ್ರ ಜೋಡಿಸಿ ಮೊದಲ ಮಾದರಿ ತಯಾರಿಸಿದರು. ಜಟಿಲ ಸಮಸ್ಯೆಗಳನ್ನು ಬಿಡಿಸುವಲ್ಲಿ ಯಂತ್ರ ಮನುಷ್ಯನ ಬುದ್ಧಿಗೆ ನೆರವಾಗಬೇಕೆಂಬುದು ಎಂಗೆಲ್‌ಬಾರ್ಟ್ ಅವರ ಹಂಬಲವಾಗಿತ್ತು. ಜಗತ್ತೆಲ್ಲ ಬಳಸುವ ಈ ಸಾಧನದಿಂದ ಅವರಿಗೆ ರಾಯಧನ ಸಿಗಲಿಲ್ಲ. ಅವರ ಆಶಯ ಮಾತ್ರ ಕೋಟ್ಯಂತರ ಕೈಗಳನ್ನು ತಲುಪಿತು.

ಯಂತ್ರ ಮನುಷ್ಯನಿಗೆ ಹೊಂದಬೇಕೇ ಹೊರತು, ಯಂತ್ರಕ್ಕಾಗಿ ಮನುಷ್ಯ ಮೈ ಸವೆಸಬಾರದು. ನಿಮ್ಮ ಅಂಗೈಗೆ ಒಪ್ಪುವ ಮೌಸ್ ಆರಿಸಿಕೊಳ್ಳಿ. ಮುಂಗೈಗೆ ಮೇಜಿನ ಆಸರೆಯಿರಲಿ, ಮಣಿಕಟ್ಟು ನೇರವಾಗಿರಲಿ, ನಡುನಡುವೆ ಬೆರಳುಗಳಿಗೂ ಬಿಡುವು ಸಿಗಲಿ. ದುಡಿಯುವ ಕೈಯನ್ನು ಕಾಪಾಡಿಕೊಳ್ಳುವುದೂ ದುಡಿಮೆಯ ಭಾಗವೇ.